ಏಳನೇ ಪ್ಲಾಟ್‌ಫಾರ್ಮಿನ ನಂಬರುಗಳು

ನಮ್ಮ ಅಡುಗೆಮನೆಯ ಮಿಕ್ಸಿಗೆ ಎಷ್ಟೋ ವರ್ಷದಿಂದ ಒಂದು ಬಟ್ಟೆಯ ಕವರಿದೆ. ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ಹೊಲಿದದ್ದು. ಕೆಂಪು ಈಗ ಇಟ್ಟಂಗಿಯ ಬಣ್ಣಕ್ಕೆ ಇಳಿದಿದೆ. ಮಿಕ್ಸಿಗೆ ಅದು ಭಾಳ ದೊಡ್ಡದು, ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಜೋಲು ಬಿದ್ದಿರುತ್ತದೆ. ಮೊನ್ನೆ ಹೆಂಡತಿ ಅದನ್ನು ಒಗೆದು, ಗಂಜಿ ಹಾಕಿ, ಹಿತ್ತಲ ತಂತಿಯ ಮೇಲೆ ಹರವಿದ್ದಳು. ಗ್ಯಾಸ್ ಬಂದ್ ಆಗಿದೆಯೋ ಇಲ್ಲವೋ ಎಂದು ಎರಡನೇ ಸಲ ನೋಡಲು ಒಳಗೆ ಹೊರಟಿದ್ದ ನಾನು, ಆ ಗಂಜಿಯ ವಾಸನೆ ಬಡಿದು ಅಲ್ಲೇ ನಿಂತೆ. ಒದ್ದೆ ಬಟ್ಟೆ, ಗಂಜಿ, ಅದರ ಹಿಂದೆಲ್ಲೋ ಮಿಲ್ಲಿನಲ್ಲಿ ಕುದಿಯುವ ಭತ್ತ… ಕೊಪ್ಪಳದ ನನ್ನ ಹಿತ್ತಲಲ್ಲಿ ಗಂಗಾವತಿಯ ವಾಸನೆ.

“ಇದು ಯಾವುದರ ಕುಲಾಯಿ ಅಂತ ನಿಮಗರ ನೆನಪೈತೇನು?” ಎಂದಳು ಹೆಂಡತಿ. “ಮಿಕ್ಸಿದಂತೂ ಅಲ್ಲ.”

ಮಿಕ್ಸಿಯದಲ್ಲ. ಅದು ಟ್ರಂಕಿನಷ್ಟು ದಪ್ಪ ಇದ್ದ ಕಾಲದ ಕಂಪ್ಯೂಟರ್ ಮಾನಿಟರಿನದು. ಹೊಲಿದವರು ಅಕ್ಕೋರ ತಾಯಿ. ಲ್ಯಾಬಿನ ಎಲ್ಲ ಮಾನಿಟರುಗಳಿಗೂ ಅವರು ಕುಷ್ಟಗಿಯಿಂದ ತಮ್ಮ ಹಳೆ ಸೀರೆಗಳನ್ನು ಹೊಲಿದು ಕಳಿಸಿದ್ದರು. ಬೆಳಿಗ್ಗೆ ಬಾಗಿಲು ತೆರೆದರೆ ಸಾಲಾಗಿ ಕೂತ ಮುದುಕಿಯರ ಹಾಗೆ ಕಾಣುತ್ತಿದ್ದವು ಕಂಪ್ಯೂಟರುಗಳು.

ನಮ್ಮ ಕಡೆ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುವುದು ರೂಢಿ. ಅವರು ನನಗೆ ಪಾಠ ಹೇಳಿದವರಲ್ಲ, ಜೊತೆಗೆ ಕೆಲಸ ಮಾಡಿದವರು. ಆದರೂ ನನಗೂ ಅಕ್ಕೋರೇ, ನಮ್ಮಿಬ್ಬರಿಗೂ ಸಂಬಳ ಕೊಡುತ್ತಿದ್ದ ಟ್ರಸ್ಟಿನ ಸೆಕ್ರೆಟರಿಗೂ ಅಕ್ಕೋರೇ. ಗಂಗಾವತಿ ಬಸ್‌ಸ್ಟ್ಯಾಂಡಿನ ಎದುರು, ಕ್ರಿಮಿನಾಶಕದ ಅಂಗಡಿಯ ಮಾಳಿಗೆ ಮೇಲೆ ನಮ್ಮ ಕಂಪ್ಯೂಟರ್ ಕೇಂದ್ರವಿತ್ತು. ಅಕ್ಕೋರು ಅದರ ಮುಖ್ಯಸ್ಥರು, ನಾನು ಇನ್‌ಸ್ಟ್ರಕ್ಟರ್. ಇನ್‌ಸ್ಟ್ರಕ್ಟರ್ ಎಂದರೆ ಪ್ರಿಂಟರಿಗೆ ಕಾಗದ ಹಾಕುವವನು, ಕರೆಂಟು ಹೋದಾಗ ಓಡಾಡುವವನು, ಪ್ರಶ್ನೆಪತ್ರಿಕೆ ಟೈಪು ಮಾಡಿ ಕಂಪ್ಯೂಟರಿನಲ್ಲಿ ಇಡುವವನು. ಚಿಂತೆ ಮಾಡುವುದಕ್ಕೇ ಪ್ರತ್ಯೇಕ ಹುದ್ದೆ ಇದ್ದಿದ್ದರೆ ನಾನು ಬಡ್ತಿ ಮೇಲೆ ಬಡ್ತಿ ಪಡೆದು ಇಷ್ಟೊತ್ತಿಗೆ ಬೆಂಗಳೂರಿನ ಕಚೇರಿಯಲ್ಲಿ ಇರುತ್ತಿದ್ದೆ.

ಅಕ್ಕೋರು ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಪಾಠ ಹೇಳುವಾಗ, ಊಟ ಮಾಡುವಾಗ, ಫೋನಿನಲ್ಲಿ ಮಾತಾಡುವಾಗ ನಡೆಯುತ್ತಲೇ ಇರುತ್ತಿದ್ದರು. ಸೆರಗಿನ ತುದಿಯಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ಒಂದೊಂದೇ ಬಾಯಿಗೆ ಹಾಕುತ್ತ ಗೋಡೆಯಿಂದ ಗೋಡೆಗೆ. “ಕುಂತ್ರ ನನ್ನ ತಲಿ ನಿಂದರತೈತಿ” ಅನ್ನುತ್ತಿದ್ದರು. ನಾನಾದರೋ ಭಯಕ್ಕೆ ನಡೆಯುವವನು. ಹೀಗಾಗಿ ಆ ಸಣ್ಣ ಕೋಣೆಯಲ್ಲಿ ನಾವಿಬ್ಬರೂ ಎದುರುಬದುರಾಗಿ ಓಡಾಡುತ್ತಿದ್ದೆವು. ವಿದ್ಯಾರ್ಥಿಗಳ ಕುತ್ತಿಗೆ ನೋಯುತ್ತಿದ್ದಿರಬೇಕು.

ಟ್ರಸ್ಟಿಗೆ ಜಿಲ್ಲೆಯ ಬೇರೆ ಊರುಗಳಲ್ಲೂ ಶಾಖೆಗಳಿದ್ದವು. ಎಲ್ಲ ಊರಿನ ವಿದ್ಯಾರ್ಥಿಗಳೂ ಪ್ರಾಕ್ಟಿಕಲ್ ಪರೀಕ್ಷೆಗೆ ಗಂಗಾವತಿಗೇ ಬರಬೇಕು. ಅಷ್ಟು ಜನರಿಗೆ ಕಂಪ್ಯೂಟರಿನೊಳಗೆ ಬರಲು ಒಂದೊಂದು ನಂಬರು ಕೊಡುವುದು ಅಕ್ಕೋರ ಕೆಲಸ. ಅವರು ಎಲ್ಲಿಂದ ಶುರುಮಾಡಬೇಕೆಂದು ಯೋಚಿಸುತ್ತ ಕಿಟಕಿಯ ಬಳಿ ನಡೆದಾಡುತ್ತಿದ್ದಾಗ ಕೆಳಗೆ ಬಸ್‌ಸ್ಟ್ಯಾಂಡು ಕಂಡಿದೆ. ಸರಿ, ಯಾವ ಊರಿನ ಬಸ್ಸು ಯಾವ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತದೋ ಆ ಊರಿನ ಮಕ್ಕಳಿಗೆ ಅದೇ ಮೊದಲ ಅಂಕಿ. ಕೊಪ್ಪಳ ಒಂದು, ಕುಷ್ಟಗಿ ಎರಡು, ಯಲಬುರ್ಗಾ ಮೂರು. ಮುಂದೆ ನಾಲ್ಕಂಕಿಯ ಕ್ರಮಸಂಖ್ಯೆ. ಮಕ್ಕಳಿಗೆ ಅದು ಬಾಯಿಪಾಠ ಮಾಡುವ ಅಗತ್ಯವೇ ಇರಲಿಲ್ಲ. ನಮಗೆ ಸಿಬ್ಬಂದಿಗೆ ನಾಲ್ಕೇ ಅಂಕಿ, ಅವರವರ ಗಾಡಿಯ ನಂಬರು. ನನ್ನದು 4476, ಅಂದರೆ ನನ್ನ ಸ್ಕೂಟರು. ಅಕ್ಕೋರಿಗೆ ಗಾಡಿ ಇರಲಿಲ್ಲ. ಶನಿವಾರ ತಾಯಿಯನ್ನು ನೋಡಲು ಹೋಗುತ್ತಿದ್ದ ಕುಷ್ಟಗಿ ಬಸ್ಸಿನ ನಂಬರನ್ನೇ ತಮ್ಮದು ಮಾಡಿಕೊಂಡಿದ್ದರು, 1182.

“ಬಸ್ ಬದಲಾದ್ರ ಏನ್ ಮಾಡ್ತೀರಿ ಅಕ್ಕೋರ?” ಎಂದು ಕೇಳಿದ್ದೆ. ನನಗೆ ಅಂಥವೇ ಹೊಳೆಯುವುದು.

“ಬಸ್ ಬದಲಾಗತೈತಿ, ನಾ ಬದಲಾಗಂಗಿಲ್ಲ. ಒಮ್ಮೆ ಒಬ್ಬರಿಗೆ ಕೊಟ್ಟ ನಂಬರ್ ಅವರದ. ಅವರು ಬಿಟ್ಟು ಹೋದ್ರೂ ಮತ್ತೊಬ್ಬರಿಗೆ ಕೊಡಬಾರದು. ಕೊಟ್ರ ಹ್ವಾದವರ ಫೈಲೆಲ್ಲಾ ಬಂದವರ ಪಾಲಾಗ್ತಾವ.”

ಅವರು ಹೇಳಿದ ಎಷ್ಟೋ ಮಾತು ಮರೆತಿವೆ. ಇದು ಮಾತ್ರ…

ಆ ವರ್ಷ ಟ್ರಸ್ಟು ನವಲಿಯಲ್ಲಿ ಹೊಸ ಶಾಖೆ ತೆರೆಯಿತು. ನವಲಿಯ ಬಸ್ಸು ನಿಲ್ಲುವುದು ಏಳನೇ ಪ್ಲಾಟ್‌ಫಾರ್ಮಿನಲ್ಲಿ. ಅಕ್ಕೋರು ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಜಗತ್ತಿನ ಎಲ್ಲದಕ್ಕೂ ಚಿಂತೆ ಮಾಡುವ ನಾನು ಅದೊಂದಕ್ಕೆ ಮಾಡಲಿಲ್ಲ ನೋಡಿ. ನವಲಿಯ ಮಕ್ಕಳಿಗೆಲ್ಲ ಎಪ್ಪತ್ತು ಸಾವಿರದಿಂದ ನಂಬರು ಬಿದ್ದವು.

ಅವರಲ್ಲಿ ಒಬ್ಬ ಹುಡುಗಿಯಿದ್ದಳು, ನಂಬರು 70012. ಸಪೂರ ದೇಹ, ಗಟ್ಟಿ ದನಿ. ಅವಳ ಊರಿನ ಸೊಸೈಟಿಗೆ ಆಗಷ್ಟೇ ಕಂಪ್ಯೂಟರು ಬಂದಿತ್ತು. ಸರ್ಟಿಫಿಕೇಟು ತಂದರೆ ಕೆಲಸ ನಿನಗೇ ಎಂದು ಅಲ್ಲಿಯವರು ಮಾತು ಕೊಟ್ಟಿದ್ದರು. ಸರ್ಟಿಫಿಕೇಟು ತರದಿದ್ದರೆ ಮದುವೆ ಎಂದು ಅವಳ ಅಣ್ಣ ಮಾತು ಕೊಟ್ಟಿದ್ದ. ಎರಡನ್ನೂ ಅವಳು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು, ಬಸ್ಸಿನ ವೇಳೆ ಹೇಳಿದ ಹಾಗೆ.

ಪರೀಕ್ಷೆಯ ಹಿಂದಿನ ದಿನ ಎಲ್ಲರಿಗೂ ಒಂದು ತಾಲೀಮು ಇಟ್ಟಿದ್ದೆವು. ಪರೀಕ್ಷೆಯ ಪ್ರೋಗ್ರಾಮನ್ನು ನಮ್ಮಲ್ಲಿ ಹಿಂದೆ ಕಲಿಸುತ್ತಿದ್ದ ಯಾರೋ ಬರೆದಿಟ್ಟು ಹೋಗಿದ್ದರು. ಅದರೊಳಗೆ ಕೂತು ಉತ್ತರ ಬರೆದರೆ ಅದು ಬರೆದವರ ಕಪಾಟಿಗೆ, ಅಂದರೆ ಕಂಪ್ಯೂಟರಿನಲ್ಲಿ ಅವರವರ ನಂಬರಿಗೆ ಮೀಸಲಾದ ಜಾಗಕ್ಕೆ, ಹೋಗಿ ಸೇರಬೇಕು. ಆ ಹುಡುಗಿ ಅರ್ಧ ತಾಸು ಬರೆದು, ತನ್ನ ಕಪಾಟು ತೆರೆದು, ಕೈ ಎತ್ತಿದಳು.

“ಸರ್, ನನ್ನ ಕಪಾಟಿನ್ಯಾಗ ನಾಳಿನ ಪೇಪರ್ ಐತ್ರಿ.”

ಹೋಗಿ ನೋಡಿದೆ. ಅವಳ ಪರದೆಯ ಮೇಲೆ ಇದ್ದದ್ದು ಅವಳ ಕಪಾಟಲ್ಲ, ನನ್ನದು. ನಾನು ಟೈಪು ಮಾಡಿದ ಪ್ರಶ್ನೆಪತ್ರಿಕೆ, ಅದರ ಪಕ್ಕ ಅವಳು ಈಗಷ್ಟೇ ಬರೆದ ಉತ್ತರ, ಅದರ ಪಕ್ಕ ನಾನು ಬೇರೆ ಕೆಲಸಕ್ಕೆಂದು ಬರೆದು ಕಳಿಸದೇ ಇಟ್ಟ ಅರ್ಜಿ. ನಿಜ ಹೇಳುತ್ತೇನೆ, ಮೊದಲು ಮುಚ್ಚಲು ಹೋದದ್ದು ಅರ್ಜಿಯನ್ನು.

ಅಂಥ ಸುದ್ದಿಗೆ ಮಾಳಿಗೆ ಮೆಟ್ಟಿಲು ಬೇಕಾಗಿಲ್ಲ. ಸೆಕ್ರೆಟರಿ ಬಂದೇಬಿಟ್ಟರು. ರೈಸ್ ಮಿಲ್ಲಿನ ಮಾಲಕರು, ಅಂಗಿಯ ಮೇಲೆ ಸದಾ ತೌಡಿನ ಧೂಳು. ಕೆಟ್ಟವರಲ್ಲ, ಆದರೆ ಮಿಲ್ಲಿನಲ್ಲಿ ಮೂಟೆ ಕಡಿಮೆಯಾದರೆ ಮೂಟೆ ಹೊತ್ತವನನ್ನೇ ಮೊದಲು ಕೇಳುವ ಅಭ್ಯಾಸದವರು.

“ಯಾರವ್ವಾ ನಿನಗ ಪೇಪರ್ ಕೊಟ್ಟಾರು?” ಎಂದರು ಹುಡುಗಿಗೆ, ನನ್ನನ್ನು ನೋಡುತ್ತ.

“ಯಾರೂ ಕೊಟ್ಟಿಲ್ರಿ. ತಾನ ಬಂತ್ರಿ.”

“ತಾನ ಬರಾಕ ಅದೇನ್ ಕಾಲುವಿ ನೀರೇನು?”

“ಕದ್ದಾಕಿ ಆಗಿದ್ರ ಕೈ ಎತ್ತಿ ಹೇಳ್ತಿದ್ನೇನ್ರಿ ಸಾವ್ಕಾರ್ರ?”

ಅದು ಅವರಿಗೆ ನಾಟಿತು, ಆದರೆ ಎಲ್ಲರ ಎದುರು ನಾಟಿದ್ದು ತಪ್ಪಾಯಿತು. ನಾಳೆ ಈಕೆ ಪರೀಕ್ಷೆಗೆ ಕೂಡುವಂತಿಲ್ಲ, ಮುಂದಿನದು ಆಮೇಲೆ ನೋಡೋಣ ಎಂದುಬಿಟ್ಟರು. ಹುಡುಗಿ ಅಳಲಿಲ್ಲ. ಚೀಲವನ್ನು ಎದೆಗವಚಿಕೊಂಡು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಳು. ನವಲಿಯ ಕೊನೆಯ ಬಸ್ಸಿನ ತನಕ ಅವಳಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಪ್ರಿಂಟರ್ ರಿಬ್ಬನ್ ತರಲು ಪೇಟೆಗೆ ಹೋಗಿದ್ದ ಅಕ್ಕೋರು ಆಗ ಬಂದರು. ಎಲ್ಲವನ್ನೂ ಕೇಳಿದರು. ಬೋರ್ಡಿನ ಮುಂದೆ ಎರಡು ಸಲ ಹೋಗಿ ಬಂದರು. ಆಮೇಲೆ ಅವಳ ನಂಬರನ್ನು ಬರೆದು ಅದರಿಂದ 65536 ಕಳೆದರು. ಉಳಿದದ್ದು 4476. ನನ್ನ ಸ್ಕೂಟರು.

“ಅಯ್ಯ ನನ ಶಿವನ” ಎಂದು ಮೆಲ್ಲಗೆ ಅಂದರು. “ತಪ್ಪು ಏಳನೇ ಪ್ಲಾಟ್‌ಫಾರ್ಮಿಂದು.”

ಸೆಕ್ರೆಟರಿಗೆ ಅದನ್ನು ಅವರು ತಿಳಿಸಿ ಹೇಳಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಂಪ್ಯೂಟರಿನ ಒಳಗೆ ಕರ್ನೆಲ್ ಅಂತ ಒಂದಿರುತ್ತದೆ, ಅದು ಒಳಮನೆಯ ಆಯಿ, ಹಿರಿಯಜ್ಜಿ, ಇದ್ದ ಹಾಗೆ ಎಂದರು. ಉಗ್ರಾಣದ ಕೀಲಿ ಆಕೆಯ ಸೊಂಟದಲ್ಲಿ. ನಾವು ಬರೆದ ಪ್ರೋಗ್ರಾಮುಗಳು ಪಡಸಾಲೆಯಲ್ಲಿರುವ ಸೊಸೆಯಂದಿರು. ಯಾರೂ ತಾವೇ ಒಳಗೆ ಹೋಗುವಂತಿಲ್ಲ, ಬಾಗಿಲಲ್ಲಿ ನಿಂತು ಪಾತ್ರೆ ಚಾಚಿ ಕೇಳಬೇಕು.

“ಮೊದಲ ಆಯಿ ಪಾವಸೇರಿನ್ಯಾಗ ಅಳದು ಕೊಡ್ತಿದ್ಲು. ಎಲ್ಲಾ ಸೊಸ್ತ್ಯಾರ ಪಾತ್ರಿನೂ ಪಾವಸೇರಿಂದ. ಹ್ವಾದ ವರ್ಷ ನಾವು ಹೊಸಾ ಕರ್ನೆಲ್ ಹಾಕಿದ್ವಿ. ಈಗ ಆಯಿ ಸೇರಿನ್ಯಾಗ ಅಳೀತಾಳ. ನಮ್ಮ ಈ ಪ್ರೋಗ್ರಾಮ್ ಸೇರಿನ ಪಾತ್ರಿ ಹಿಡದು ಇಸಗೊಂಡೇನೋ ಬರತೈತಿ. ಆದ್ರ ಮನಿಗೆ ಬಂದು ತನ್ನ ಹಳೇ ಪಾವಸೇರಿನ ಡಬ್ಬಿಗೆ ಸುರವತೈತಿ. ಅರವತ್ತೈದು ಸಾವಿರದ ಚಿಲ್ಲರ ತನಕ ಹಿಡಸತೈತಿ. ಅದಕ್ಕ ಮೀರಿದ್ರ ಆ ಅರವತ್ತೈದು ಸಾವಿರದ ಚಿಲ್ಲರ ಪೂರಾ ನೆಲಕ್ಕ, ಉಳದದ್ದಷ್ಟ ಡಬ್ಬ್ಯಾಗ.”

“ನೆಲಕ್ಕ ಬಿದ್ರ ಗೊತ್ತಾಗಬೇಕಲ್ರಿ?”

“ಅದ ಹೇಳಾಕತ್ತೀನಿ ಸಾವ್ಕಾರ್ರ. ಗೊತ್ತಾಗಂಗಿಲ್ಲ. ಡಬ್ಬ್ಯಾಗ ಕಾಳು ಇದ್ದ ಇರತಾವ. ಉಳದ ಕಾಳು ನೋಡಿ ಇದು ಯಾರದಂದ್ರ ಈ ಸರ್‌ದು ಅಂತೈತಿ.”

ಸೆಕ್ರೆಟರಿ ನನ್ನ ಕಡೆ ನೋಡಿದರು. ನಾನು ಪಾವಸೇರಿನಷ್ಟೇ ಕಾಣುತ್ತಿದ್ದೆ ಅನ್ನಿಸುತ್ತದೆ. ಅವರಿಗೆ ನಂಬಿಕೆ ಬರಲಿಲ್ಲ. ಆಗ ಅಕ್ಕೋರು ಅವರ ಜೀಪಿನ ನಂಬರನ್ನು ಕೇಳಿದರು, ಕಂಪ್ಯೂಟರಿನಲ್ಲಿ ಅವರ ನಂಬರೂ ಅದೇ. ಅದಕ್ಕೆ ಮೊದಲು ಕಳೆದಿದ್ದನ್ನೇ ಈಗ ಕೂಡಿಸಿದರು. ಬಂದ ಎಪ್ಪತ್ತು ಸಾವಿರದ ನಂಬರಿಗೆ ಇಲ್ಲದ ಒಬ್ಬ ನವಲಿಯ ವಿದ್ಯಾರ್ಥಿಯನ್ನು ಹುಟ್ಟಿಸಿ, ಅವನ ಹೆಸರಿನಲ್ಲಿ ಪ್ರೋಗ್ರಾಮಿನೊಳಗೆ ಹೋದರು. ಪರದೆಯ ಮೇಲೆ ಸೆಕ್ರೆಟರಿಯ ಕಪಾಟು ತೆರೆಯಿತು. ಅದರಲ್ಲಿ ಇದ್ದದ್ದು ಒಂದೇ ಫೈಲು, ಮಗಳ ಮದುವೆಯ ಆಮಂತ್ರಣ ಪತ್ರಿಕೆ.

“ನೋಡ್ರಿ, ಈಗ ನಾನೂ ನೀವಾದೆ. ನನಗೂ ಯಾರೂ ಕೊಟ್ಟಿಲ್ಲ.”

ಸೆಕ್ರೆಟರಿ ಪರದೆಗೆ ಬಗ್ಗಿ ಓದಿದರು. “ಪತ್ರಿಕಿ ಚಂದಾಗಿತ್ತಲ್ರಿ” ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, “ನಿಂದೇನೂ ತಪ್ಪಿಲ್ಲವಾ” ಎಂದರು. ಆದರೆ ಎದ್ದು ಹೋಗುವಾಗ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಮಾತು ಹೇಳಿದರು. ಪ್ರಶ್ನೆಪತ್ರಿಕೆ ಬದಲಾಯಿಸಿ, ಅದು ಸರಿ. ಇವತ್ತು ಸಂಜೆಯೊಳಗೆ ಈ ಪಾತ್ರೆಯ ಗದ್ದಲ ಸರಿಹೋಗದಿದ್ದರೆ ನವಲಿಯವರೆಲ್ಲರನ್ನೂ ಈ ವರ್ಷ ಪರೀಕ್ಷೆಯಿಂದ ಬಿಡುವುದೇ. ಯಾರ ಉತ್ತರ ಯಾರದೋ ಆಗುವ ಪರೀಕ್ಷೆಗೆ ತಾನು ಸಹಿ ಹಾಕುವುದಿಲ್ಲ.

ಅವರು ಹೇಳಿದ್ದು ತಪ್ಪೂ ಅಲ್ಲ. ಕಷ್ಟವಾದದ್ದು ಅದೇ.

ನಾನು ಎರಡು ಉಪಾಯ ಹೇಳಿದೆ. ಹೆದರುವವನ ತಲೆಯಲ್ಲಿ ಉಪಾಯಗಳು ಬೇಗ ಹುಟ್ಟುತ್ತವೆ, ಎಲ್ಲವೂ ಸಣ್ಣವು. ನವಲಿಯವರಿಗೆ ಬೇರೆ ನಂಬರು ಕೊಡೋಣ ಎಂದೆ. ಹಾಲ್‌ಟಿಕೆಟ್ಟು ಅಚ್ಚಾಗಿ ಊರು ಸೇರಿವೆ ಎಂದರು ಅಕ್ಕೋರು. ಹಾಗಾದರೆ ಕರ್ನೆಲ್ ಮಾಡುವುದನ್ನೇ ನಾವೂ ಮಾಡೋಣ ಎಂದೆ. ಅದನ್ನು ನನಗೆ ಕಲಿಸಿದವರು ಅವರೇ. ತೀರ ಹಳೆಯ ಪ್ರೋಗ್ರಾಮು ಹಳೆಯ ಬಾಗಿಲಲ್ಲಿ ಪಾವಸೇರಿನ ಪಾತ್ರೆಯನ್ನೇ ಹಿಡಿದು ನಿಂತರೆ, ಆಯಿ ದೊಡ್ಡ ನಂಬರನ್ನು ಕತ್ತರಿಸಿ ಹಾಕುವುದಿಲ್ಲ. ಅದಕ್ಕೆಂದೇ ಬೇರೆ ಇಟ್ಟ ಒಂದು ನಂಬರನ್ನು ಕೊಡುತ್ತಾಳೆ. ಆ ನಂಬರಿನವನ ಹೆಸರು ‘ನೋಬಡಿ’, ಅಂದರೆ ಯಾರೂ ಅಲ್ಲ. ಒಬ್ಬರ ಮಾಲು ಇನ್ನೊಬ್ಬರ ಪಾಲಾಗುವುದಕ್ಕಿಂತ ಅದು ಒಳ್ಳೆಯದು. ನವಲಿಯ ಹನ್ನೆರಡೂ ಜನರ ಉತ್ತರ ನಾಳೆ ನೋಬಡಿಯ ಕಪಾಟಿಗೆ ಹೋಗಲಿ, ನಾವು ಆಮೇಲೆ ಕೈಯಿಂದ ಬಿಡಿಸಿಕೊಂಡರಾಯಿತು. ಸುರಕ್ಷಿತ, ಸುಲಭ.

ಸ್ಟೂಲಿನ ಮೇಲಿಂದ ಆ ಹುಡುಗಿ ಕೇಳಿದಳು. “ಹಂಗಾರ ನಾವು ನವಲಿಯವರು ಯಾರೂ ಅಲ್ಲೇನ್ರಿ ಅಕ್ಕೋರ?”

ಅಕ್ಕೋರು ನಡೆಯುವುದನ್ನು ನಿಲ್ಲಿಸಿದರು.

“ಕೊಪ್ಪಳದವರ ಉತ್ತರದ ಮ್ಯಾಲೆ ಅವರವರ ಹೆಸರು. ನಮ್ಮವು ಮಾತ್ರ ಯಾರದೂ ಅಲ್ಲ. ನಾಳಿ ಸೊಸೈಟ್ಯಾಗ ಏನಂತ ಹೇಳ್ಲಿ?”

“ಯಾರೂ ಅಲ್ಲ ಅಂದ್ರ ಹಂಗಲ್ಲವಾ…” ಎಂದು ಶುರುಮಾಡಿದರು. ಸೆರಗಿನ ಶೇಂಗಾ ಬಿಚ್ಚಿ ಅವಳ ಕೈಗೆ ಸುರಿದು, ನನಗೆ ಅಂದರು. “ನಂಬರ್ ಕೊಟ್ಟಾಕಿ ನಾನು. ಹಿಡಸುವಂಗ ಮಾಡಾಕಿನೂ ನಾನ. ಡಬ್ಬಿನ ದೊಡ್ಡದು ಮಾಡೂಣು.”

ಪರೀಕ್ಷೆಯ ಹಿಂದಿನ ದಿನ ಪ್ರೋಗ್ರಾಮಿಗೆ ಕೈ ಹಚ್ಚುವುದು. ನಾನು ಯುಪಿಎಸ್ ನೋಡಲು ಎರಡು ಸಲ ಹೋಗಿ ಬಂದೆ. ಅಕ್ಕೋರು ನಿಂತೇ ಟೈಪು ಮಾಡಿದರು. ನಂಬರಿಗೆ ಎರಡು ಇಂಗ್ಲಿಷ್ ಅಕ್ಷರದಷ್ಟು ಇದ್ದ ಜಾಗವನ್ನು ನಾಲ್ಕು ಅಕ್ಷರದಷ್ಟು ಮಾಡಿದರು. ಪ್ರೋಗ್ರಾಮು ಹೊಸದಾಗಿ ಕಟ್ಟಿಕೊಂಡಿತು. ಹುಡುಗಿಯನ್ನು ಕೂಡಿಸಿ ಬರೆಸಿದೆವು. ಉತ್ತರ ಹೋಗಿ 70012ರ ಕಪಾಟಿನಲ್ಲೇ ಕೂತಿತು. ಅಕ್ಕೋರು ನಕ್ಕರು, ನಾನೂ ನಕ್ಕೆ, ಅಷ್ಟರಲ್ಲಿ ಸೆಕ್ರೆಟರಿ ಚಹಾದ ಕಿಟ್ಲಿಯವನ ಹಿಂದೆಯೇ ಹತ್ತಿ ಬಂದರು.

“ಹಳೇ ಹುಡುಗೂರ ಮಾರ್ಕ್ಸ್ ಎಲ್ಲಾ ಸರಿ ಅದಾವಲ್ರಿ?” ಎಂದರು.

ತೆರೆದು ನೋಡಿದೆವು. ಮಂಜುನಾಥನ ಮೊದಲ ಎರಡು ಇಂಗ್ಲಿಷ್ ಅಕ್ಷರ ಹೋಗಿ ‘ನ್ಜುನಾಥ’ ಆಗಿದ್ದ. ಬಸವರಾಜ ‘ಸವರಾಜ’ ಆಗಿದ್ದ. ಕೊಟ್ರೇಶ ‘ಟ್ರೇಶ’. ನಂಬರುಗಳಂತೂ ಕೋಟಿಯ ಲೆಕ್ಕ ಹೇಳುತ್ತಿದ್ದವು. ಹಿಂದಿನ ವರ್ಷಗಳಲ್ಲಿ ಪಾಸಾದವರೆಲ್ಲರ ದಾಖಲೆ ಹಳೆಯ ಅಳತೆಯಲ್ಲೇ ಇತ್ತು. ಹೊಸ ಪ್ರೋಗ್ರಾಮು ನಂಬರಿನ ಜಾಗ ದೊಡ್ಡದೆಂದು ತಿಳಿದು ಪ್ರತಿಯೊಬ್ಬನ ಹೆಸರಿನಿಂದಲೂ ಎರಡಕ್ಷರ ಎಳೆದುಕೊಂಡು ನಂಬರಿಗೆ ಸೇರಿಸಿ ಓದುತ್ತಿತ್ತು.

“ಏನ್ರಿ ಅಕ್ಕೋರ” ಎಂದರು ಸೆಕ್ರೆಟರಿ, “ಒಂದು ಹುಡುಗಿನ ಉಳಸಾಕ ಹೋಗಿ ಊರಾಗಿನ ಎಲ್ಲಾರ ತಲಿ ತೆಗದ್ರಲ್ಲ.”

ಆ ಹೊತ್ತು ನನಗೆ ಅನ್ನಿಸಿದ್ದೇನೆಂದರೆ, ನಾನು ಹೇಳಿದಂತೆ ನೋಬಡಿಯೇ ಇರಬೇಕಿತ್ತು ಎಂದು. ಅಂದೂ ಬಿಟ್ಟೆನೋ ಏನೋ, ಸರಿಯಾಗಿ ನೆನಪಿಲ್ಲ… ಅಕ್ಕೋರ ಮುಖ ಮಾತ್ರ ನೆನಪಿದೆ. ಕಿವಿಯ ತನಕ ಕೆಂಪಾಗಿತ್ತು. ಅವರು ಕಿಟಕಿಗೆ ಹೋದರು. ಕೆಳಗೆ ಏಳನೇ ಪ್ಲಾಟ್‌ಫಾರ್ಮಿನಲ್ಲಿ ನವಲಿಯ ಕೊನೆಯ ಬಸ್ಸು ಇನ್ನೂ ಬಂದಿರಲಿಲ್ಲ, ಅದಕ್ಕಾಗಿ ಕಾಯುವವರು ಚೀಲ ಇಟ್ಟುಕೊಂಡು ಕೂತಿದ್ದರು. ಅಕ್ಕೋರು ಅದನ್ನೇ ನೋಡುತ್ತ ನಿಂತರು. ಹುಡುಗಿಯೂ ಹೋಗಿ ಅವರ ಪಕ್ಕ ನಿಂತಳು. ಸಿಪ್ಪೆ ತೆಗೆದ ಶೇಂಗಾಕಾಳುಗಳನ್ನು ಅವರ ಅಂಗೈಗೆ ಹಾಕಿದಳು.

“ನಮ್ಮ ಮನ್ಯಾಗ ಆಯಿದು ಒಂದು ಗಿಡ್ಡ ಬಾಗಿಲೈತ್ರಿ” ಎಂದು ಹುಡುಗಿ ಸುಮ್ಮನೆ ಮಾತಿಗೆ ಶುರುಮಾಡಿದಳು. “ಅಣ್ಣ ಎತ್ತರದಾಂವ, ತಲಿ ಬಡೀತೈತಿ. ಕಿತ್ತು ದೊಡ್ಡದು ಮಾಡ್ತೀನಿ ಅಂದ. ಆಯಿ ಬಿಡಲಿಲ್ಲ. ಬೇಕಾದ್ರ ಮಗ್ಗಲಕ್ಕ ಇನ್ನೊಂದು ತಗೀರಿ ಅಂದ್ಲು. ಈಗ ಎರಡ ಅದಾವ. ಆಯಿ ತನ್ನದರಾಗ ಬರ್ತಾಳ, ಅಣ್ಣ ತನ್ನದರಾಗ.”

ಅಕ್ಕೋರು ಅವಳನ್ನು ನೋಡಿದರು. ಶೇಂಗಾ ಬಾಯಿಗೆ ಹಾಕಲಿಲ್ಲ. “ಕರ್ನೆಲ್ ಮಾಡಿದವರೂ ಅದನ್ನ ಮಾಡ್ಯಾರ” ಎಂದರು, ಅವಳಿಗಲ್ಲ, ತಮಗೇ. “ಹಳೇ ಬಾಗಿಲ ಹಂಗ ಬಿಟ್ಟು ಹೊಸಾದು ತಗದಾರ. ನಾ ಕಿತ್ತೆ.”

ಮತ್ತೆ ಕಂಪ್ಯೂಟರಿಗೆ ಬಂದವರು, ನನಗೆ ಗೊತ್ತಿರುವಂತೆ ಮೊದಲ ಸಲ, ಕುರ್ಚಿ ಎಳೆದು ಕೂತರು. ಹಳೆಯ ದಾಖಲೆಗಳನ್ನು ಮುಟ್ಟದೆ ಬಿಟ್ಟರು. ಹೊಸ ದಾಖಲೆಗಳಿಗೆ ಬೇರೆಯೇ ಕಡತ, ಅದರ ಮೊದಲಿಗೆ ಒಂದು ಗುರುತು. ಗುರುತು ಇದ್ದರೆ ದೊಡ್ಡ ಅಳತೆಯಲ್ಲಿ ಓದು, ಇಲ್ಲದಿದ್ದರೆ ಹಳೆಯ ಅಳತೆಯಲ್ಲಿ ಓದು. ಇನ್ನು ಯಾವತ್ತಾದರೂ ಯಾವ ನಂಬರಾದರೂ ಹಿಡಿಸದೇ ಹೋದರೆ ಕತ್ತರಿಸಬೇಡ, ಹಿಡಿಸಲಿಲ್ಲ ಎಂದು ಹೇಳಿ ನಿಂತುಬಿಡು. ಆ ಕಡೆಯ ಸಾಲನ್ನು ಬರೆಯುವಾಗ ಕೀಲಿಮಣೆಯನ್ನು ಜೋರಾಗಿ ಬಡಿದರು.

ಮಂಜುನಾಥನ ತಲೆ ಮರಳಿ ಬಂತು. ಬಸವರಾಜನದೂ, ಕೊಟ್ರೇಶನದೂ. ಸೆಕ್ರೆಟರಿ ಕನ್ನಡಕ ಏರಿಸಿ ತಮಗೆ ಗೊತ್ತಿದ್ದ ಹೆಸರುಗಳನ್ನೆಲ್ಲ ಓದಿಸಿದರು. ಹುಡುಗಿ ಮತ್ತೊಮ್ಮೆ ಕೂತು ಒಂದು ಸಾಲು ಬರೆದಳು. ಅದು ಅವಳದೇ ಕಪಾಟಿಗೆ, ಅವಳದೇ ಹೆಸರಿಗೆ ಹೋಯಿತು. ಕೆಳಗೆ ಡ್ರೈವರು ಹಾರ್ನು ಹೊಡೆಯತೊಡಗಿದ್ದ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಓಡಿದಳು. ಅಕ್ಕೋರು ಕಿಟಕಿಯಿಂದ ಕೂಗಿದರು, “ನಾಳಿ ಲಗೂನ ಬಾರವಾ.” ಬಸ್ಸಿನ ಫುಟ್‌ಬೋರ್ಡಿನಿಂದ ಅವಳು ಕೈ ಎತ್ತಿದಳು, ತರಗತಿಯಲ್ಲಿ ಎತ್ತಿದ ಹಾಗೆಯೇ.

ಮರುದಿನ ಪರೀಕ್ಷೆ ನಡೆಯಿತು. ಅವಳು ಪಾಸಾದಳು. ನವಲಿಯ ಉಳಿದವರಲ್ಲಿ ಕೆಲವರು ಫೇಲಾದರು, ಅವರವರ ಹೆಸರಿನಲ್ಲೇ.

ಆಮೇಲಿನದು ನನಗೆ ತುಂಡುತುಂಡಾಗಿ ನೆನಪಿದೆ. ಟ್ರಸ್ಟು ಒಂದೊಂದೇ ಶಾಖೆ ಮುಚ್ಚುತ್ತ ಬಂತು. ಅಕ್ಕೋರ ತಾಯಿಗೆ ಲಕ್ವಾ ಹೊಡೆದು ಅವರು ಕುಷ್ಟಗಿಗೆ ಹೋದರು. ಹೋಗುವ ದಿನ ಒಂದು ಮಾನಿಟರಿನ ಕವರು ತೆಗೆದು ನನ್ನ ಕೈಗಿಟ್ಟು, “ನಿಮ್ಮ ತಲಿಗೆ ಹಾಕ್ಕೋರಿ, ಚಿಂತಿ ಹೊರಗ ಬರಂಗಿಲ್ಲ” ಎಂದಿದ್ದರು. ಅವರ ಹೆಸರನ್ನು ಸರ್ವರಿನಿಂದ ತೆಗೆಯುವಂತೆ ಹೊಸ ಆಡಳಿತದವರು ಹೇಳಿದರು. ತೆಗೆದೆ. ನಂಬರನ್ನು ಮಾತ್ರ ಬೇರೆ ಯಾರಿಗೂ ಕೊಡಲಿಲ್ಲ. ಮೊದಮೊದಲು ಫೋನು ಮಾಡುತ್ತಿದ್ದೆವು, ಆಮೇಲೆ ಹಬ್ಬಕ್ಕೆ, ಆಮೇಲೆ… ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ನವಲಿಯ ಆ ಹುಡುಗಿ. ಈಗ ಹುಡುಗಿಯಲ್ಲ, ಸೊಸೈಟಿಯಲ್ಲಿ ಅವಳ ಕೈಕೆಳಗೆ ಇಬ್ಬರಿದ್ದಾರೆ. “ಸರ್, ನಮ್ಮ ಅಕ್ಕೋರು ಹೋಗ್ಯಾರ್ರಿ” ಎಂದಳು. ಎಲ್ಲಿಗೆ ಎಂದು ಕೇಳಿದೆ. ಕೇಳಿದ ಮೇಲೆ ತಿಳಿಯಿತು.

ನಾನೀಗ ಕೊಪ್ಪಳದ ಒಂದು ಕಾಲೇಜಿನಲ್ಲಿ ಇದೇ ಕೆಲಸದಲ್ಲಿದ್ದೇನೆ. ಗಂಗಾವತಿಯ ಆ ಹಳೆಯ ಡಿಸ್ಕಿನಲ್ಲಿದ್ದದ್ದನ್ನು ಟ್ರಸ್ಟಿನವರು ಬೇಡವೆಂದು ಬಿಟ್ಟಾಗ ನಾನು ತಂದುಕೊಂಡೆ. ಆಮೇಲೆ ಮಷೀನಿನಿಂದ ಮಷೀನಿಗೆ ಹೊತ್ತುಕೊಂಡೇ ಬಂದಿದ್ದೇನೆ. ಯಾಕೆ ಎಂದು ಕೇಳಿದರೆ, ಬೇಕಾದರೆ ಏನು ಮಾಡುವುದು ಎನ್ನುತ್ತೇನೆ. ಯಾರಿಗೂ ಬೇಕಾಗಿಲ್ಲ. ಈ ವಾರ ಹೊಸ ಸರ್ವರು ಬಂತು. ಕವರು ಒಗೆದ ಮರುದಿನ ಮಧ್ಯಾಹ್ನ ಅದರ ಮುಂದೆ ಕೂತು ಹಳೆಯದನ್ನೆಲ್ಲ ಸಾಗಿಸಲು ಹಚ್ಚಿದೆ. ಕೂತೆ ಅಂದರೆ, ಕೂತೆ, ಎದ್ದೆ, ಯುಪಿಎಸ್ ನೋಡಿ ಬಂದೆ, ಆಮೇಲೆ ಮತ್ತೆ ಕೂತೆ.

ಯಾವ ಫೈಲು ಯಾರದು ಎಂಬ ಪಟ್ಟಿ ಪರದೆಯ ಮೇಲೆ ಹರಿಯತೊಡಗಿತು. ಅಲ್ಲಿ ನನ್ನ ಹೆಸರಿತ್ತು. ಸ್ಕೂಟರು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದೆ, ನಾನಿನ್ನೂ 4476. ನನ್ನ ಕೆಳಗೆ ಹೆಸರಿನ ಜಾಗದಲ್ಲಿ ಹೆಸರಿರಲಿಲ್ಲ. ಬರೀ 1182, 1182, 1182. ಅವರ ಪಾಠದ ಟಿಪ್ಪಣಿಗಳು. ಯಾವುದೋ ಹಳೆಯ ಕನ್ನಡ ಅಕ್ಷರಗಳಲ್ಲಿ ಟೈಪು ಮಾಡಿದ್ದು, ಈಗ ತೆರೆದರೆ ಚುಕ್ಕಿ, ಕೊಕ್ಕೆ, ಡೊಂಕು ಗೆರೆಗಳು. ಒಂದಕ್ಷರವೂ ಓದಲು ಬರುವುದಿಲ್ಲ.

ಸಾಗಿಸುವ ಪ್ರೋಗ್ರಾಮು ನಿಂತು ಕೇಳಿತು. ಈ ನಂಬರಿನವರು ಇಲ್ಲಿ ಯಾರೂ ಇಲ್ಲ, ಇವರ ಫೈಲುಗಳನ್ನು ನೋಬಡಿಗೆ ಬರೆಯಲೇ?

ಕೇಳಿತಲ್ಲ, ಅದೇ ಸಮಾಧಾನ. ಸುಮ್ಮನೆ ಬರೆದುಕೊಂಡಿದ್ದರೆ ನಾನೇನು ಮಾಡುತ್ತಿದ್ದೆ.

ಬೇಡ ಎಂದು ಒತ್ತಿ, ಹೊಸ ಮಷೀನಿನಲ್ಲಿ ಒಂದು ಹೊಸ ಖಾತೆ ತೆರೆದೆ. ನಂಬರಿನ ಜಾಗದಲ್ಲಿ 1182 ಹಾಕಿದೆ. ಹೆಸರಿನ ಜಾಗ ಬಂದಾಗ ಅವರ ಪೂರ್ಣ ಹೆಸರು, ಮನೆತನದ ಹೆಸರು, ಎಲ್ಲ ನೆನಪಿಗೆ ಬಂತು. ಆದರೂ ನಾನು ಟೈಪು ಮಾಡಿದ್ದು ‘ಅಕ್ಕೋರು’ ಎಂದು. ಅಷ್ಟು ಹಿಡಿಸಿತು. ಮತ್ತೆ ಪಟ್ಟಿ ತೆಗೆದರೆ ಮೇಲಿಂದ ಕೆಳಗಿನವರೆಗೆ ನಂಬರಿದ್ದಲ್ಲೆಲ್ಲ ಆ ಹೆಸರು ಸಾಲಾಗಿ ನಿಂತಿತ್ತು, ಬೆಳಗಿನ ಲ್ಯಾಬಿನಲ್ಲಿ ಸೀರೆಯುಟ್ಟು ಕೂತ ಮಾನಿಟರುಗಳ ಹಾಗೆ.

ಕಡೆಗೆ ಅದು ಇನ್ನೊಂದನ್ನು ಕೇಳಿತು. ಎಲ್ಲ ಹೊಸ ಖಾತೆಗೂ ಕೇಳುವಂಥದೇ. ಈ ಹೆಸರಿನವರು ಒಳಗೆ ಬರುವವರಿದ್ದಾರೆಯೇ?

ಇಲ್ಲ ಎಂದು ಒತ್ತಿದೆ. ಆಮೇಲೆ ಎದ್ದು ಕಿಟಕಿಯ ತನಕ ಹೋದೆ, ಬಾಗಿಲ ತನಕ ಬಂದೆ, ಮತ್ತೆ ಕಿಟಕಿಗೆ ಹೋದೆ. ಕೂತಿದ್ದರೆ ತಲೆ ನಿಂತುಬಿಡುತ್ತಿತ್ತು.